ಪದಚರ್ಚೆ: ದೋಣಿ ‘ಪ್ಲೇನ್ ಆಗುವುದು’ ಎನ್ನಲು ಕನ್ನಡದ ಕ್ರಿಯಾಪದ ಯಾವುದು?

ಗೆಳೆಯರಿಗೆ ನಮಸ್ಕಾರ.

ಮರದ ಕಿಟ್ ತಂದು ರಿಮೋಟ್‌ನಿಂದ ಓಡುವ ರೇಸ್ ದೋಣಿ ಕಟ್ಟುವುದು ನನ್ನ ಬಹುದಿನದ ಹವ್ಯಾಸ. ಹೊಸದಾಗಿ ಕಲಿಯುವವರಿಗೆಂದು ಅದರ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕಟ್ಟುವ ಭಾಗ ಮುಗಿದಿದೆ. ನೀರಿಗೆ ಬಿಟ್ಟು ಪರೀಕ್ಷಿಸುವ ಭಾಗಕ್ಕೆ ಬಂದ ಮೇಲೆ, ವೇಗ ಹೆಚ್ಚಿದ ದೋಣಿ ಮೇಲೆದ್ದು ನೀರಿಗೆ ತುಸುವೇ ತಾಗಿಕೊಂಡು ಓಡುವುದಕ್ಕೆ (ಇಂಗ್ಲಿಷಿನಲ್ಲಿ ಪ್ಲೇನಿಂಗ್) ಒಂದು ಕ್ರಿಯಾಪದ ಸಿಗದೆ ಬರವಣಿಗೆ ನಿಂತುಬಿಟ್ಟಿದೆ.

ಕಟ್ಟುವ ಭಾಗದಲ್ಲಿ ಇಂಥ ಕಷ್ಟ ಬರಲಿಲ್ಲ. ಬಡಗಿಯ ಮಾತೇ ಅಲ್ಲಿ ಕೈಹಿಡಿಯಿತು. ಉದ್ದಕ್ಕೆ ಹೋಗುವ ನಡುಮರ ಬೆನ್ನೆಲುಬು, ಅದಕ್ಕೆ ಅಡ್ಡಡ್ಡ ನಿಲ್ಲುವ 3 ಮಿ.ಮೀ. ಪ್ಲೈವುಡ್ ಚೌಕಟ್ಟುಗಳು ಪಕ್ಕೆಲುಬು. ಪಕ್ಕೆಲುಬಿನ ಕಚ್ಚುಗಳಲ್ಲಿ ಉದ್ದಪಟ್ಟಿಗಳನ್ನು ಕೂರಿಸಿ, ಮೇಲೆ 1.5 ಮಿ.ಮೀ. ತೆಳುಹಲಗೆ ಹೊದಿಸುತ್ತೇವೆ. ಇದನ್ನೆಲ್ಲ ದೋಣಿಯನ್ನು ಬೋರಲು ಹಾಕಿಕೊಂಡು, ಸಮತಟ್ಟಾದ ಮಣೆಯ ಮೇಲೆ ಮಾಡಬೇಕು. ‘ಬೋರಲು’ ಎಂಬ ಒಂದೇ ಮಾತಿನಲ್ಲಿ ಇಡೀ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಸೋರಿಕೆಯ ವಿಷಯದಲ್ಲಂತೂ ಕನ್ನಡ ಬಲು ಶ್ರೀಮಂತ. ಚುಕ್ಕಾಣಿಯ ರಂಧ್ರದಲ್ಲಿ ನೀರು ಒಸರುತ್ತದೆಯೋ, ಜಿನುಗುತ್ತದೆಯೋ, ತೊಟ್ಟಿಕ್ಕುತ್ತದೆಯೋ, ಸೋರುತ್ತದೆಯೋ ಎಂದು ಕೇಳಿದರೆ ಉತ್ತರದಲ್ಲೇ ರೋಗದ ಪ್ರಮಾಣ ತಿಳಿಯುತ್ತದೆ. ಒಸರಿದರೆ ಗ್ರೀಸ್ ಸಾಕು, ಸೋರಿದರೆ ಬಿಚ್ಚಿ ಮತ್ತೆ ಅಂಟಿಸಬೇಕು.

ಒಂದು ಪದದಲ್ಲಿ ಮಾತ್ರ ನಾನು ತಪ್ಪಿದೆ. ದೋಣಿಯ ತಳವೂ ಪಕ್ಕವೂ ಕೂಡುವ ಉದ್ದಗೆರೆಗೆ ದೋಣಿ ಕಟ್ಟುವವರು ಚೈನ್ ಎನ್ನುತ್ತಾರೆ. ಸರಪಳಿಯ ಚೈನ್ ಜೊತೆ ಗೊಂದಲ ಬೇಡವೆಂದು ನಾನು ‘ಅಂಚು’ ಎಂದು ಬರೆದಿದ್ದೆ. ಮುಂದಿನ ಪುಟದಲ್ಲಿ ‘ಅಂಚುಗಳನ್ನು ಉಜ್ಜುಕಾಗದದಿಂದ ನಯಗೊಳಿಸಿ’ ಎಂಬ ಸಾಲೂ ಇತ್ತು. ಅಲ್ಲಿ ನನ್ನ ಮನಸ್ಸಿನಲ್ಲಿದ್ದದ್ದು ಮೇಲ್ಹಲಗೆಯ ಅಂಚು. ಕರಡು ಓದಿದ ಗೆಳೆಯರೊಬ್ಬರು ಅಕ್ಷರಶಃ ಪಾಲಿಸಿ ತಳದ ಅಂಚನ್ನೂ ಗುಂಡಗೆ ಉಜ್ಜಿಬಿಟ್ಟರು. ಆ ಗೆರೆ ಚೂಪಾಗಿದ್ದರೆ ಮಾತ್ರ ತಳದಿಂದ ಬಂದ ನೀರು ಅಲ್ಲಿಗೆ ಕಡಿದು ಆಚೆ ಸಿಡಿಯುತ್ತದೆ. ಗುಂಡಗಾದರೆ ನೀರು ಮೈಗೆ ಅಂಟಿಕೊಂಡು ಪಕ್ಕಕ್ಕೆ ಹತ್ತಿ ದೋಣಿಯನ್ನು ಹಿಡಿದೆಳೆಯುತ್ತದೆ. ಅವರ ದೋಣಿ ಎಷ್ಟು ಥ್ರಾಟಲ್ ಕೊಟ್ಟರೂ ಪಕ್ಕಗಳನ್ನೆಲ್ಲ ತೋಯಿಸಿಕೊಂಡು ಭಾರವಾಗಿಯೇ ಹೋಗುತ್ತಿತ್ತು. ಕೊನೆಗೆ ಎಪಾಕ್ಸಿ ಅಂಟಿಗೆ ಮರದ ಹುಡಿ ಕಲಸಿ ಆ ಗೆರೆಯನ್ನು ಮತ್ತೆ ಕಟ್ಟಿ, ಗಟ್ಟಿಯಾದ ಮೇಲೆ ಮರದ ತುಂಡಿಗೆ ಸುತ್ತಿದ ಉಜ್ಜುಕಾಗದದಿಂದ ಚೂಪು ಮಾಡಬೇಕಾಯಿತು. ತಪ್ಪು ಅವರದಲ್ಲ, ನನ್ನ ಪದದ್ದು. ಈಗ ಅಲ್ಲಿ ‘ಏಣು’ ಎಂದು ತಿದ್ದಿದ್ದೇನೆ. ಗುಡ್ಡದ ಏಣು ಎನ್ನುವಾಗ ಎರಡು ಇಳಿಜಾರುಗಳು ಕೂಡುವ ಚೂಪು ನೆತ್ತಿ ಮನಸ್ಸಿಗೆ ಬರುತ್ತದಲ್ಲ, ನನಗೆ ಬೇಕಾದದ್ದೂ ಅದೇ. ಏಣು ಎಂದ ಮೇಲೆ ಅದನ್ನು ಯಾರೂ ಗುಂಡಗೆ ಉಜ್ಜಲಾರರು ಎಂದು ನಂಬಿದ್ದೇನೆ.

ಇನ್ನು ಮುಖ್ಯ ಪ್ರಶ್ನೆ.

ನಿಂತ ದೋಣಿ ತನ್ನ ತೂಕದಷ್ಟು ನೀರನ್ನು ಸರಿಸಿ ತೇಲುತ್ತದೆ. ನಿಧಾನಕ್ಕೆ ಹೊರಟಾಗಲೂ ಅಷ್ಟೇ, ನೀರನ್ನು ಸೀಳಿಕೊಂಡು ಹೋಗುತ್ತದೆ. ವೇಗ ಹೆಚ್ಚಿದಂತೆ ತನ್ನದೇ ಅಲೆಯ ಏರಿನಲ್ಲಿ ಸಿಕ್ಕಿಕೊಂಡು ಮೂತಿ ಎತ್ತುತ್ತದೆ. ಇನ್ನಷ್ಟು ಶಕ್ತಿ ಕೊಟ್ಟರೆ ತಳಕ್ಕೆ ಓರೆಯಾಗಿ ಬಡಿಯುವ ನೀರೇ ಅದನ್ನು ಮೇಲಕ್ಕೆ ನೂಕುತ್ತದೆ. ದೋಣಿ ಆ ಏರನ್ನು ದಾಟಿ, ಮೂತಿ ಇಳಿಸಿ, ಹಿಂಬದಿಯ ತಳದ ಒಂದಿಷ್ಟು ಭಾಗವನ್ನು ಮಾತ್ರ ನೀರಿಗೆ ತಾಗಿಸಿಕೊಂಡು ಹಾರಿದಂತೆ ಓಡುತ್ತದೆ. ಥ್ರಾಟಲ್ ಬಿಟ್ಟರೆ ಧೊಪ್ಪನೆ ನೀರಲ್ಲಿ ಕೂರುತ್ತದೆ. ಈ ಸ್ಥಿತಿಯೇ ಪ್ಲೇನಿಂಗ್. ರೇಸ್ ದೋಣಿಯ ವಿನ್ಯಾಸ, ತೂಕ ಹಂಚಿಕೆ, ಪರೀಕ್ಷೆ ಎಲ್ಲವೂ ಇದರ ಸುತ್ತಲೇ ಇರುವುದರಿಂದ ಕೈಪಿಡಿಯ ಪ್ರತಿ ಪುಟದಲ್ಲೂ ಈ ಪದ ಬೇಕು.

‘ಪ್ಲೇನಿಂಗ್’ ಎಂದೇ ಇಡಬಹುದಿತ್ತು. ಆದರೆ ಬೆನ್ನೆಲುಬಿಗೆ ಕೀಸುಳಿ ಹಾಕುವುದೂ ಪ್ಲೇನಿಂಗ್ ಎಂದೇ ಕಿಟ್‌ನ ಹಾಳೆಯಲ್ಲಿರುತ್ತದೆ. ಒಂದೇ ಕೈಪಿಡಿಯಲ್ಲಿ ಮರಕ್ಕೂ ನೀರಿಗೂ ಅದೇ ಪದವಾದರೆ ಹೊಸಬರು ಎಲ್ಲಿ ನಿಲ್ಲಬೇಕು?

‘ತೇಲು’ ಸುತರಾಂ ಆಗದು. ತೇಲುವುದನ್ನು ಬಿಟ್ಟು ಮೇಲೇರಿದ್ದೇ ಇಲ್ಲಿಯ ಸಂಗತಿ. ‘ಜಾರು’ ಎಂದರೆ ಹಿಡಿತ ತಪ್ಪಿದ ಭಾವ. ತಿರುವಿನಲ್ಲಿ ದೋಣಿಯ ಹಿಂಬದಿ ಹೊರಕ್ಕೆ ಹೋದಾಗ ಅದು ಬೇಕಾಗುತ್ತದೆ, ಆ ಪದವನ್ನು ಅಲ್ಲಿಗೆ ಕಾಯ್ದಿಡೋಣ. ‘ಹಾರು’ ಎಂದರೆ ಅಪಘಾತ, ಗಾಳಿ ತಳಕ್ಕೆ ನುಗ್ಗಿ ದೋಣಿ ನಿಜಕ್ಕೂ ಹಾರಿ ಮಗುಚುವುದುಂಟು.

ನನಗೆ ಹತ್ತಿರವೆನಿಸಿದ್ದು ‘ಸವರು’. ಬಿಲ್ಲೆಗಲ್ಲನ್ನು ಓರೆಯಾಗಿ ಬೀಸಿದಾಗ ಅದು ನೀರನ್ನು ಸವರಿಕೊಂಡು ಹೋಗಿ ಕಪ್ಪೆಯಂತೆ ಕುಪ್ಪಳಿಸುತ್ತದೆ. ತಾಗಿಯೂ ಇಳಿಯದಿರುವ ಆ ಗುಣ ಈ ಪದದಲ್ಲಿದೆ. ‘ಸೀಳು ದೋಣಿ’, ‘ಸವರು ದೋಣಿ’ ಎಂದು ಎರಡು ಬಗೆಯ ತಳವಿನ್ಯಾಸಗಳನ್ನು ಜೋಡಿಯಾಗಿ ಹೇಳಬಹುದು. ಇದಕ್ಕೆ ಎರಡು ಅಡ್ಡಿಗಳು ಕಾಣುತ್ತವೆ. ಸವರು ಎಂದರೆ ಕತ್ತರಿಸು ಎಂಬ ಅರ್ಥವೂ ಉಂಟು, ಬೇಲಿ ಸವರುತ್ತೇವೆ. ಇನ್ನೊಂದು, ಎಪಾಕ್ಸಿಯನ್ನೂ ಸವರುತ್ತೇವೆ. ಎರಡನೆಯದಕ್ಕೆ ‘ಬಳಿ’ ಎಂದು ಬದಲಿಸಿದರಾಯಿತು. ಮೊದಲನೆಯದು ಓದುವವರ ಕಿವಿಗೆ ಎಷ್ಟು ಕಟುವಾಗಿ ಕೇಳುತ್ತದೆಂದು ತಿಳಿಯಬೇಕಿದೆ.

ದಂಡೆಯಲ್ಲಿ ನಿಂತವರು ಆಡುವ ಮಾತು ಇನ್ನೊಂದಿದೆ: ‘ಎದ್ದಿತಾ?’ ‘ಇನ್ನೂ ಎದ್ದಿಲ್ಲ, ಬ್ಯಾಟರಿ ಸ್ವಲ್ಪ ಸರಿಸು.’ ಏರು ದಾಟುವ ಆ ಗಳಿಗೆಗೆ ‘ಏಳು’ ಎಂಬುದಕ್ಕಿಂತ ಒಳ್ಳೆಯ ಪದ ಬೇಕೆಂದು ನನಗನ್ನಿಸುವುದಿಲ್ಲ. ತೊಂದರೆಯೆಂದರೆ ‘ಮೂತಿ ಎದ್ದಿತು’ ಎಂಬುದು ದೋಷ, ‘ದೋಣಿ ಎದ್ದಿತು’ ಎಂಬುದು ಗೆಲುವು. ಆದ್ದರಿಂದ ಆ ಗಳಿಗೆಗೆ ‘ಏಳು’, ನಂತರದ ಓಟಕ್ಕೆ ‘ಸವರೋಟ’ ಎಂದು ಬಳಸುವ ಮನಸ್ಸು ಮಾಡಿದ್ದೇನೆ. ಒಪ್ಪುತ್ತದೆಯೇ?

ಇದಕ್ಕೆ ಅಂಟಿಕೊಂಡ ಬೇರೆ ಪದಗಳೂ ಇವೆ. ಸವರೋಟದಲ್ಲಿ ಮೂತಿ ಒಂದೇ ಲಯದಲ್ಲಿ ಏಳುತ್ತ ಬೀಳುತ್ತ ಹೋಗುವುದಕ್ಕೆ ‘ತೊನೆ’ ಎಂದಿದ್ದೇನೆ. ಸಾಮಾನ್ಯವಾಗಿ ತೂಕ ತೀರ ಹಿಂದಿದ್ದರೆ ಹೀಗಾಗುತ್ತದೆ. ಒಂಟಿ ಒಡಲಿನ ದೋಣಿಗೆ ತೂಕದ ನಡುಬಿಂದು ಹಿಂಬದಿಯ ಹಲಗೆಯಿಂದ ಉದ್ದದ ಸುಮಾರು ಶೇಕಡ 30ರಷ್ಟು ಮುಂದಿರುವಂತೆ ಇಟ್ಟು ಪರೀಕ್ಷೆ ಶುರುಮಾಡುವುದು ರೂಢಿ, ಎಂದರೆ 70 ಸೆಂ.ಮೀ. ದೋಣಿಗೆ 21 ಸೆಂ.ಮೀ. ಅಲ್ಲಿಂದ ಬ್ಯಾಟರಿಯನ್ನು ಒಂದು ಸೆಂಟಿಮೀಟರ್ ಮುಂದೆ ಸರಿಸಿದರೂ ತೊನೆತ ನಿಂತದ್ದನ್ನು ನೋಡಿದ್ದೇನೆ. ದೋಣಿ ಒಂದು ಏಣಿನಿಂದ ಇನ್ನೊಂದು ಏಣಿಗೆ ಎಡಬಲ ವಾಲಾಡುವುದಕ್ಕೆ ‘ಜೋಲಿ ಹೊಡೆಯುವುದು’ ಎಂಬ ಆಡುಮಾತೇ ಸಾಕೆನಿಸಿದೆ. ಮೂತಿ ಅಲೆಗೆ ಹೊಕ್ಕು ನಿಂತರೆ ‘ಮುಗ್ಗರಿಸಿತು’.

ಪ್ರೊಪೆಲರ್‌ನ ಪಿಚ್‌ಗೆ ‘ಸುತ್ತುನಡೆ’ ಹೇಗೆ? ಸ್ಕ್ರೂ ಒಂದು ಸುತ್ತಿಗೆ ಮರದೊಳಗೆ ಎಷ್ಟು ಇಳಿಯುತ್ತದೋ ಅದೇ ಲೆಕ್ಕ. ವ್ಯಾಸ 42 ಮಿ.ಮೀ., ವ್ಯಾಸಕ್ಕೆ ಪಿಚ್‌ನ ಅನುಪಾತ 1.4 ಇದ್ದರೆ ಸುತ್ತುನಡೆ 58.8 ಮಿ.ಮೀ. ಪಿಚ್ ಎಂದರೆ ಓದುಗರಿಗೆ ಕ್ರಿಕೆಟ್ಟೇ ಕಾಣುತ್ತದೆ.

ಕೊನೆಯದು ನಿಜಕ್ಕೂ ಜಟಿಲ. ಪ್ರೊಪೆಲರ್ ಮೇಲಿನ ಗಾಳಿಯನ್ನು ಎಳೆದುಕೊಂಡು ಹಿಡಿತ ಕಳೆದುಕೊಳ್ಳುವುದು ಒಂದು, ಅಲಗಿನ ಮೇಲೆ ಒತ್ತಡ ಕುಸಿದು ನೀರೇ ಆವಿಗುಳ್ಳೆಯಾಗುವುದು ಇನ್ನೊಂದು. ಎರಡನ್ನೂ ಎಲ್ಲರೂ ಕ್ಯಾವಿಟೇಷನ್ ಎಂದುಬಿಡುತ್ತಾರೆ. ಮೊದಲನೆಯದಕ್ಕೆ ‘ಗಾಳಿ ಕುಡಿಯುವುದು’ ಸಹಜವಾಗಿ ಹೊಂದುತ್ತದೆ. ಎರಡನೆಯದರಲ್ಲಿ ಗುಳ್ಳೆಗಳು ಕುಸಿಯುವ ಹೊಡೆತಕ್ಕೆ ಲೋಹದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವಾದ್ದರಿಂದ, ಕಡಲ್ಕೊರೆತದ ಮಾದರಿಯಲ್ಲಿ ‘ಗುಳ್ಳೆಕೊರೆತ’ ಎಂದು ಬರೆದಿದ್ದೆ. ಆದರೆ ಅದು ಹಾನಿಯ ಹೆಸರಾಯಿತು, ಗುಳ್ಳೆ ಹುಟ್ಟುವ ಕ್ರಿಯೆಯ ಹೆಸರಾಗಲಿಲ್ಲ.

ಸವರೋಟ, ತೊನೆ, ಗುಳ್ಳೆಕೊರೆತ, ಈ ಮೂರರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಬಿಲ್ಲೆಗಲ್ಲು ನೀರ ಮೇಲೆ ಹೋಗುವ ರೀತಿಗೆ ನಿಮ್ಮ ಕಡೆಯ ಮಾತಿನಲ್ಲಿ ಬೇರೆಯೇ ಕ್ರಿಯಾಪದವಿದ್ದರೆ ದಯವಿಟ್ಟು ಮೊದಲು ಅದನ್ನು ಬರೆಯಿರಿ. ‘ಸವರು’ ಬಿಟ್ಟು ಅದನ್ನೇ ಹಿಡಿಯಲು ಸಿದ್ಧನಿದ್ದೇನೆ.