ಅಪ್ಪನ ಪಿಎಸ್‌ಎ 6.2 ಬಂದಿದೆ, ಇದು ಕ್ಯಾನ್ಸರ್ರಾ?

ಪ್ರಶ್ನೆ: ಅಪ್ಪನಿಗೆ 68. ಒಂದು ವರ್ಷದಿಂದ ರಾತ್ರಿ ನಾಲ್ಕೈದು ಸಲ ಎದ್ದು ಹೋಗುತ್ತಾರೆ. ಬಚ್ಚಲಲ್ಲಿ ಒಂದು ಕೈ ಗೋಡೆಗೆ ಊರಿ ತುಂಬಾ ಹೊತ್ತು ನಿಂತಿರುತ್ತಾರೆ, ಬರೋದು ಹನಿ ಹನಿ. ಕಳೆದ ವಾರ ಮೂತ್ರ ಪೂರ್ತಿ ಕಟ್ಟಿಕೊಂಡು ಆಸ್ಪತ್ರೆಗೆ ಓಡಿದೆವು, ಪೈಪ್ ಹಾಕಿದರು. ಮಾರನೇ ದಿನವೇ ರಕ್ತ ತೆಗೆದರು. ಪ್ರಾಸ್ಟೇಟ್‌ಗೆ ಅಂತ ಮಾಡೋ ರಕ್ತ ಪರೀಕ್ಷೆ ಪಿಎಸ್‌ಎ 6.2, ಪಕ್ಕದಲ್ಲಿ 4ರ ಒಳಗಿರಬೇಕು ಅಂತ ಇದೆ. ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ (ಮೂತ್ರಕೋಶದ ಕೆಳಗಿರೋ ಗ್ರಂಥಿ) 58 ಗ್ರಾಂ, ಕಿಡ್ನಿ ಹೇಗಿದೆ ಅಂತ ನೋಡೋ ಕ್ರಿಯಾಟಿನಿನ್ 1.1. ಅಮ್ಮ ರಿಪೋರ್ಟ್ ನೋಡಿದಾಗಿನಿಂದ ಊಟ ಬಿಟ್ಟಿದ್ದಾರೆ. ದಯವಿಟ್ಟು ಗೊತ್ತಿರೋರು ಹೇಳಿ.

ಉತ್ತರ 1: ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಮೊದಲು ಅಮ್ಮನಿಗೆ ಊಟ ಮಾಡೋಕೆ ಹೇಳಿ. ಪಿಎಸ್‌ಎ ಕ್ಯಾನ್ಸರ್ ಇದ್ದರೆ ಮಾತ್ರ ಬರೋದಲ್ಲ, ಪ್ರಾಸ್ಟೇಟ್ ತಾನಾಗೇ ಮಾಡೋ ಪ್ರೋಟೀನ್ ಅದು, ಗ್ರಂಥಿ ದೊಡ್ಡದಾದಷ್ಟೂ ರಕ್ತಕ್ಕೆ ಜಾಸ್ತಿ ಸೇರುತ್ತದೆ. ಮೂತ್ರ ಕಟ್ಟಿಕೊಂಡರೂ ಏರುತ್ತದೆ, ಪೈಪ್ ಹಾಕಿದರೂ ಏರುತ್ತದೆ, ಸೋಂಕಿದ್ದರಂತೂ ಇನ್ನೂ ಜಾಸ್ತಿ. ಪೈಪ್ ಹಾಕಿದ ಮಾರನೇ ದಿನದ ಅಂಕಿ ನೋಡಿ ಏನೂ ತೀರ್ಮಾನ ಮಾಡೋಕಾಗಲ್ಲ. ಯೂರಿನ್ ಕಲ್ಚರ್ ಮಾಡಿಸಿ, ಸೋಂಕಿದ್ದರೆ ವಾಸಿಯಾಗಲಿ, ಸುಮಾರು 6 ವಾರ ಬಿಟ್ಟು ಮತ್ತೆ ಮಾಡಿಸೋದಾ ಅಂತ ಯೂರಾಲಜಿಸ್ಟ್‌ನ ಕೇಳಿ. ಆಗಲೂ 4ರಿಂದ 10ರ ನಡುವೆ ಬಂದರೆ ಅದರಲ್ಲಿ ಫ್ರೀ ಪಿಎಸ್‌ಎ (ರಕ್ತದಲ್ಲಿ ಬೇರೆ ಪ್ರೋಟೀನ್‌ಗೆ ಅಂಟಿಕೊಳ್ಳದೆ ಇರೋದು) ಎಷ್ಟು ಶೇಕಡಾ ಅಂತ ನೋಡುತ್ತಾರೆ, 25ಕ್ಕಿಂತ ಜಾಸ್ತಿ ಇದ್ದರೆ ಬರೀ ಊತವೇ ಇರೋ ಸಾಧ್ಯತೆ ಹೆಚ್ಚು, 10ಕ್ಕಿಂತ ಕಡಿಮೆ ಇದ್ದರೆ ಬಿಡದೆ ಹುಡುಕಬೇಕು. ಇನ್ನೊಂದು ಲೆಕ್ಕ, ಗ್ರಂಥಿಯ ಗಾತ್ರಕ್ಕೆ ಪಿಎಸ್‌ಎ ಜಾಸ್ತಿಯಾ ಅಂತ ನೋಡೋಕೆ 6.2ನ್ನು 58ರಿಂದ ಭಾಗಿಸಿ: 0.11 ಹತ್ತಿರ. 0.15ರ ಕೆಳಗಿದ್ದರೆ ಸ್ವಲ್ಪ ಸಮಾಧಾನ. ಆದರೂ ಡಾಕ್ಟರ್ ಬೆರಳಿಂದ ಮಾಡೋ ಪರೀಕ್ಷೆಗೆ ಅಪ್ಪ ಸಂಕೋಚ ಪಟ್ಟರೆ ಒಪ್ಪಿಸಿ, ಗಂಟು ಕೈಗೆ ಸಿಕ್ಕರೆ ಅಂಕಿ ಕಡಿಮೆ ಇದ್ದರೂ ಬಿಡಲ್ಲ.

ಉತ್ತರ 2: ಅಪ್ಪ ಯಾವ ಮಾತ್ರೆ ತಗೋತಿದ್ದಾರೆ? ನನಗೂ ಇದೇ ತೊಂದರೆ. ಪ್ರಾಸ್ಟೇಟ್ ಕುಗ್ಗಿಸೋ ಮಾತ್ರೆ ಡ್ಯುಟಾಸ್ಟೆರೈಡ್ ಶುರು ಮಾಡಿ ವರ್ಷದಲ್ಲಿ ಪಿಎಸ್‌ಎ 5.4 ಇದ್ದದ್ದು 2.6ಕ್ಕೆ ಇಳಿಯಿತು, ಸದ್ಯ ಬಚಾವ್ ಅಂದುಕೊಂಡೆ. ಆ ಮಾತ್ರೆ ಆರು ತಿಂಗಳಲ್ಲಿ ಪಿಎಸ್‌ಎ ಹತ್ತಿರ ಹತ್ತಿರ ಅರ್ಧ ಮಾಡುತ್ತದಂತೆ, ಬಂದ ಅಂಕಿಯನ್ನ ಎರಡರಿಂದ ಗುಣಿಸಿ ನೋಡಬೇಕು ಅಂತ ಆಮೇಲೆ ಡಾಕ್ಟರ್ ಹೇಳಿದರು. ಫಿನಾಸ್ಟೆರೈಡ್‌ಗೂ ಹಾಗೇ. ಮಾತ್ರೆ ತಗೋತಾ ಇದ್ದೂ ಅಂಕಿ ಏರುತ್ತಿದ್ದರೆ 4ರೊಳಗಿದ್ದರೂ ಸುಮ್ನೆ ಇರಬೇಡಿ. ಊರು ಬದಲಾಗಿ ಹೊಸ ಡಾಕ್ಟರ್ ಹತ್ತಿರ ಹೋದಾಗ ಈ ಮಾತ್ರೆ ವಿಷಯ ಮೊದಲು ಹೇಳಿ.

ಪ್ರಶ್ನೆ ಕೇಳಿದವರು: ಸ್ಟ್ರಿಪ್ ನೋಡಿದೆ ಸರ್, ಟ್ಯಾಮ್ಸುಲೋಸಿನ್ 0.4 ಮಾತ್ರ.

ಉತ್ತರ 1: ಅದು ಮೂತ್ರದ ದಾರಿ ಸಡಿಲ ಮಾಡುತ್ತದೆ ಅಷ್ಟೇ, ಪಿಎಸ್‌ಎ ಇಳಿಸಲ್ಲ. ಶುರುವಿನಲ್ಲಿ ತಲೆ ಸುತ್ತಬಹುದು, ರಾತ್ರಿ ಏಳುವಾಗ ಮಂಚದ ಮೇಲೆ ಸ್ವಲ್ಪ ಕೂತು ಆಮೇಲೆ ನಿಲ್ಲೋಕೆ ಹೇಳಿ. ಬಚ್ಚಲ ಲೈಟ್ ಹಾಕೇ ಇಡಿ.

ಪ್ರಶ್ನೆ ಕೇಳಿದವರು: ಹಾಗೇ ಮಾಡುತ್ತೇನೆ ಮೇಡಂ. ಕಲ್ಚರ್‌ಗೆ ಇವತ್ತು ಕೊಟ್ಟು ಬಂದೆ. ನಿಮ್ಮ ಉತ್ತರ ಅಮ್ಮನಿಗೆ ಓದಿ ಹೇಳಿದೆ, ರಾತ್ರಿ ಎರಡು ಚಪಾತಿ ತಿಂದರು.