ಅಪ್‌ಡೇಟ್: ಎಕ್ಸ್‌ಎಂಎಲ್ ಫೈಲ್ ಕೊನೆಗೂ ತೆರೆಯಿತು

ಗಿರಾಕಿಗಳ ವಿಳಾಸ ಇರುವ ಎಕ್ಸ್‌ಎಂಎಲ್ ಫೈಲ್ ಎಕ್ಸೆಲ್‌ನಲ್ಲಿ ತೆರೆಯುತ್ತಿಲ್ಲ, ಟ್ಯಾಗ್‌ಗಳೆಲ್ಲ (ಮಾಹಿತಿಯ ಆಚೀಚೆ ಬರೆಯುವ ಗುರುತುಗಳು) ಸರಿಯಿವೆ ಅಂತ ಕೇಳಿದ್ದೆನಲ್ಲ, ಅದು ಬಗೆಹರಿಯಿತು.

ನೀವು ಹೇಳಿದಂತೆ ಫೈರ್‌ಫಾಕ್ಸ್‌ಗೆ ಎಳೆದು ಹಾಕಿದೆ. ತಪ್ಪು ಇರುವ ಸಾಲು, ಕಾಲಂ ಎರಡನ್ನೂ ತೋರಿಸಿತು. ನೋಟ್‌ಪ್ಯಾಡ್++ನಲ್ಲಿ ಅದೇ ಜಾಗ ನೋಡಿದರೆ ವಿಳಾಸದ ಮಧ್ಯೆ 'ವಿಟಿ' ಅನ್ನುವ ಪುಟ್ಟ ಕಪ್ಪು ಡಬ್ಬಿ! ಅದು ವರ್ಟಿಕಲ್ ಟ್ಯಾಬ್ ಅನ್ನುವ, ಸಾಮಾನ್ಯವಾಗಿ ಕಣ್ಣಿಗೆ ಕಾಣದ ಅಕ್ಷರ; ಕೋಡ್ (ಕಂಪ್ಯೂಟರ್‌ನಲ್ಲಿ ಆ ಅಕ್ಷರದ ಸಂಖ್ಯೆ) 11. ವರ್ಡ್‌ನಲ್ಲಿ ಶಿಫ್ಟ್ ಹಿಡಿದು ಎಂಟರ್ ಒತ್ತಿದರೆ ಹುಟ್ಟುವುದು ಇದೇ. ಯಾರೋ ಅಲ್ಲಿಂದ ವಿಳಾಸ ಪೇಸ್ಟ್ ಮಾಡಿರಬೇಕು.

ಎಕ್ಸ್‌ಎಂಎಲ್ 1.0ರಲ್ಲಿ 32ಕ್ಕಿಂತ ಕೆಳಗಿನ ಕೋಡ್‌ಗಳಲ್ಲಿ 9, 10, 13 (ಟ್ಯಾಬ್ ಮತ್ತು ಹೊಸ ಸಾಲಿನ ಅಕ್ಷರಗಳು) ಮಾತ್ರ ನಡೆಯುತ್ತವೆ, ಅದಕ್ಕೇ ಫೈಲ್ ತೆರೆಯುತ್ತಿರಲಿಲ್ಲ. &#11; ಅಂತ ಬರೆದರೂ ಒಪ್ಪುವುದಿಲ್ಲ. 1.1ರಲ್ಲಿ ಹಾಗೆ ಬರೆಯಬಹುದು, ಆದರೆ ಅದನ್ನು ಓದುವ ಸಾಫ್ಟ್‌ವೇರ್ ಕಡಿಮೆ, ಸುಮ್ನೆ ತಲೆನೋವು.

ಫೈಂಡ್-ರಿಪ್ಲೇಸ್‌ನ ಎಕ್ಸ್‌ಟೆಂಡೆಡ್ ಮೋಡ್‌ನಲ್ಲಿ ಹೆಕ್ಸ್ ಕೋಡ್ 0ಬಿ (11ನ್ನು ಹದಿನಾರರ ಎಣಿಕೆಯಲ್ಲಿ ಬರೆಯುವ ರೀತಿ) ಹುಡುಕಿ, ಆ ಜಾಗಕ್ಕೆಲ್ಲ ಸ್ಪೇಸ್ ಹಾಕಿದೆ. ಅಳಿಸಿಬಿಟ್ಟರೆ ಬೀದಿ ಹೆಸರೂ ಊರಿನ ಹೆಸರೂ ಅಂಟಿಕೊಳ್ಳುತ್ತವೆ, ಅಲ್ವಾ?

'&' ಹುಡುಕಿ ಅಂದವರಿಗೂ ಥ್ಯಾಂಕ್ಸ್. ಒಂದು ಅಂಗಡಿ ಹೆಸರಲ್ಲಿ ಅದೂ ಇತ್ತು; ಎಕ್ಸ್‌ಎಂಎಲ್‌ನಲ್ಲಿ ಆ ಚಿಹ್ನೆಯನ್ನು ಹಾಗೇ ಬರೆಯುವಂತಿಲ್ಲ, ಅದಕ್ಕೆ &#38; ಮಾಡಿದೆ. ಈಗ ಫೈಲ್ ತೆರೆಯುತ್ತಿದೆ, ಕನ್ನಡ ಅಕ್ಷರಗಳೂ ನೆಟ್ಟಗಿವೆ.