ಹಳೇ ಹೀಟಿಂಗ್ ಟೈಮರ್, ರಾತ್ರಿ ಪಾಳಿ ಮಾಡುವ, ಬಾಡಿಗೆಗಿರುವ ಹುಡುಗಿ: ಏನು ಮಾಡಲಿ?

ತೀರ್ಥಹಳ್ಳಿ_ಲೀಡ್ಸ್

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಮ್ಮದು 1970ರ ದಶಕದ ಮನೆ. ಮಗ ಓದಲು ಗ್ಲಾಸ್ಗೋಗೆ ಹೋದ ಮೇಲೆ ಅವನ ಕೋಣೆ ಖಾಲಿ ಬಿತ್ತು. ಸೆಪ್ಟೆಂಬರ್‌ನಲ್ಲಿ ಅದನ್ನು ಮಂಗಳೂರು ಕಡೆಯ ಒಬ್ಬ ಹುಡುಗಿಗೆ ಬಾಡಿಗೆಗೆ ಕೊಟ್ಟೆ. ನರ್ಸ್ ಕೆಲಸ, ಹೆಚ್ಚಿನ ವಾರ ರಾತ್ರಿ ಪಾಳಿ. ಬೆಳಗ್ಗೆ ಎಂಟೂವರೆಗೆ ಬಂದು ಒಂದಿಷ್ಟು ಗಂಜಿ ಕುಡಿದು ಮಲಗಿದರೆ ಏಳುವುದು ಸಂಜೆ ನಾಲ್ಕಕ್ಕೆ. ಅಡುಗೆಮನೆ, ಬಚ್ಚಲು ಇಬ್ಬರಿಗೂ ಒಂದೇ. ಗ್ಯಾಸ್, ಕರೆಂಟ್ ಎಲ್ಲ ಬಾಡಿಗೆಯಲ್ಲೇ ಸೇರಿದೆ.

ತೊಂದರೆ ಹೀಟಿಂಗ್‌ನದು. ಗ್ಯಾಸಿನಲ್ಲಿ ನೀರು ಕಾಯಿಸಿ ಪ್ರತಿ ಕೋಣೆಯ ರೇಡಿಯೇಟರ್‌ಗೆ (ಕೋಣೆ ಬೆಚ್ಚಗಿಡುವ ಗೋಡೆಯ ಫಲಕಕ್ಕೆ) ಕಳಿಸುವ ಬಾಯ್ಲರ್ ಹಳೆಯದಾದರೂ ಚೆನ್ನಾಗಿ ಉರಿಯುತ್ತದೆ. ಅದನ್ನು ನಡೆಸುವ ಸಾಮಾನು ಮಾತ್ರ ತೀರಾ ಹಳೆಯದು. ಅಡುಗೆಮನೆ ಕಪಾಟಿನಲ್ಲಿ, ಅಕ್ಕಿ ಡಬ್ಬದ ಹಿಂದೆ, ಒಂದು ಗುಂಡು ಟೈಮರ್ ಇದೆ. 24 ಗಂಟೆಯ ಚಕ್ರ. ಅಂಚಿನಲ್ಲಿ ನಾಲ್ಕು ಪುಟ್ಟ ಮುಳ್ಳು, ಎರಡು ಕೆಂಪು, ಎರಡು ನೀಲಿ. ಕೆಂಪು ಬಂದರೆ ಶುರು, ನೀಲಿ ಬಂದರೆ ಬಂದ್. ಕಿವಿ ಇಟ್ಟರೆ ಒಳಗೆ ಗುಂಯ್ ಅನ್ನುವುದು ಕೇಳುತ್ತದೆ. ಕರೆಂಟ್ ಹೋದರೆ ಅಷ್ಟು ಹೊತ್ತು ಹಿಂದೆ ಬೀಳುತ್ತದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದಲ್ವಾ, ಆವತ್ತು ಇದನ್ನು ಹಿಂದಕ್ಕೆ ತಿರುಗಿಸುವ ಹಾಗಿಲ್ಲ. ಬೆರಳಲ್ಲಿ ಮೆಲ್ಲಗೆ 23 ಗಂಟೆ ಮುಂದಕ್ಕೇ ತರಬೇಕು. ನಮ್ಮ ಯಜಮಾನರು ಇದ್ದಾಗ ಅದು ಅವರ ಕೆಲಸ. ಮುಳ್ಳಿನ ಬಣ್ಣ ಮಾಸಿತು ಅಂತ ನನ್ನ ಉಗುರುಬಣ್ಣ ತೆಗೆದು ಅವರೇ ಹಚ್ಚಿದ್ದರು. ಅವರು ತೀರಿಕೊಂಡು ನಾಲ್ಕು ವರ್ಷ ಆಯಿತು. ಬೆಳಗ್ಗೆ 6ರಿಂದ 8, ಸಂಜೆ 5ರಿಂದ 10. ಅವರು ಇಟ್ಟ ಹಾಗೇ ಇದೆ, ನಾನು ಮುಳ್ಳು ಮುಟ್ಟಿಲ್ಲ.

ಮನೆ ಎಷ್ಟು ಬೆಚ್ಚಗಾದರೆ ಸಾಕು ಅಂತ ಬಾಯ್ಲರ್‌ಗೆ ಹೇಳುವ ಥರ್ಮೋಸ್ಟಾಟ್ ಇರುವುದು ಮುಂಬಾಗಿಲ ಪಕ್ಕದ ಗೋಡೆಯಲ್ಲಿ. ತಿರುಗಿಸುವ ಗುಬುಟು, 10ರಿಂದ 30ರವರೆಗೆ ಗೀಟು. ನಾನು 19ಕ್ಕೆ ಇಡುತ್ತೇನೆ. ನವೆಂಬರ್‌ನಲ್ಲಿ ಒಂದು ಸಂಜೆ ಕೆಲಸದಿಂದ ಬಂದು ಬಾಗಿಲು ತೆಗೆದರೆ ಇಡೀ ಮನೆ ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ನೋಡಿದರೆ ಗುಬುಟು 28ರಲ್ಲಿದೆ. ಇಳಿಸಿದೆ. ಎರಡು ದಿನ ಬಿಟ್ಟು ಮತ್ತೆ 28. ಮತ್ತೆ ಇಳಿಸಿದೆ. ಹೀಗೇ ಮೂರು ವಾರ. ಅವಳೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಳಗೊಳಗೇ ಸಿಟ್ಟು ಬರುತ್ತಿತ್ತು, ಬಿಲ್ ಕಟ್ಟುವವಳು ನಾನು ತಾನೇ ಅಂತ.

ಕಳೆದ ಗುರುವಾರ ಹುಷಾರಿಲ್ಲದೆ ಮಧ್ಯಾಹ್ನವೇ ಮನೆಗೆ ಬಂದೆ. ಅವಳ ಕೋಣೆ ಬಾಗಿಲು ಅರ್ಧ ತೆರೆದಿತ್ತು. ಆಸ್ಪತ್ರೆಗೆ ಹಾಕಿಕೊಂಡು ಹೋಗುವ ದಪ್ಪ ಕೋಟು, ತಲೆಗೆ ಉಣ್ಣೆ ಟೋಪಿ, ಕಾಲಿಗೆ ಎರಡೆರಡು ಕಾಲುಚೀಲ. ಅದರ ಮೇಲೆ ರಜಾಯಿ ಹೊದ್ದು ಮುದುಡಿಕೊಂಡು ಮಲಗಿದ್ದಳು. ಹೊರಗೋಡೆಯ ಮೂಲೆಯಲ್ಲಿ ಬೂಷ್ಟು ಬರುತ್ತಿದೆ. ನನಗೆ ಅಲ್ಲೇ ಕಣ್ಣು ತುಂಬಿ ಬಂತು.

2001ರಲ್ಲಿ ನಾನು ಮೊದಲು ಲಂಡನ್‌ಗೆ ಬಂದಾಗ ಒಬ್ಬರ ಮನೆಯಲ್ಲಿ ಕೋಣೆ ಹಿಡಿದಿದ್ದೆ. ಅವರು ಥರ್ಮೋಸ್ಟಾಟ್ ಮೇಲೆ ಪ್ಲಾಸ್ಟಿಕ್ ಡಬ್ಬಿ ಕೂರಿಸಿ ಬೀಗ ಹಾಕಿದ್ದರು. ದಿನಾ ಆ ಬೀಗದ ಮುಂದೆಯೇ ಓಡಾಡಬೇಕಿತ್ತು. ಹಾಗೆ ನಾನು ಯಾರಿಗೂ ಮಾಡಬಾರದು ಅಂದುಕೊಂಡಿದ್ದವಳು.

ಹೊಸ ಬಾಯ್ಲರ್‌ಗೆ ಈಗ ದುಡ್ಡಿಲ್ಲ. ಬರೀ ಟೈಮರ್, ಥರ್ಮೋಸ್ಟಾಟ್ ಬದಲಾಯಿಸಿದರೆ ಸಾಕಾಗುತ್ತದಾ? ಹಗಲು ಅವಳ ಕೋಣೆ ಒಂದನ್ನೇ ಬೆಚ್ಚಗೆ ಇಡಲು ದಾರಿ ಇದೆಯಾ? ಮತ್ತೆ, ಅವಳ ಹತ್ತಿರ ಈ ಮಾತು ಹೇಗೆ ತೆಗೆಯಲಿ?

---

ಹುಬ್ಬಳ್ಳಿ_ಹೀಟಿಂಗ್

ಅಕ್ಕ, ನಾನು ಬರ್ಮಿಂಗ್‌ಹ್ಯಾಮ್‌ನಲ್ಲಿ ಇದೇ ಕೆಲಸ ಮಾಡುತ್ತೇನೆ. ಮೊದಲು ಆ 28ರ ವಿಷಯ ಹೇಳಿಬಿಡುತ್ತೇನೆ, ಯಾಕಂದ್ರೆ ಆ ಹುಡುಗಿ ಮೇಲೆ ನಿಮ್ಮ ಸಿಟ್ಟು ಇವತ್ತೇ ಇಳಿಯಬೇಕು.

ನಿಮ್ಮ ಮನೆಯಲ್ಲಿ ಬಾಯ್ಲರ್ ರೇಡಿಯೇಟರ್‌ಗೆ ಬಿಸಿ ಕಳಿಸಬೇಕಾದರೆ ಟೈಮರೂ ಹೂಂ ಅನ್ನಬೇಕು, ಥರ್ಮೋಸ್ಟಾಟೂ ಹೂಂ ಅನ್ನಬೇಕು. ಎಂಟಕ್ಕೆ ಟೈಮರ್ ಬಂದ್ ಆಗುತ್ತದೆ. ಅವಳು ಎಂಟೂವರೆಗೆ ಬಂದು ಗುಬುಟನ್ನು 28ಕ್ಕೆ ತಿರುಗಿಸಿದರೂ ಏನೂ ಆಗುವುದಿಲ್ಲ. ಚಳಿಯಲ್ಲೇ ಮಲಗುತ್ತಾಳೆ. ಸಂಜೆ ಐದಕ್ಕೆ ಕೆಂಪು ಮುಳ್ಳು ಬಂದ ಕೂಡಲೇ ಬಾಯ್ಲರ್ ಶುರುವಾಗಿ 28 ಮುಟ್ಟುವ ತನಕ ಉರಿಯುತ್ತದೆ. ಆ ಬಿಸಿ ಸಿಕ್ಕಿದ್ದು ನಿಮಗೆ. ಬಿಲ್ ಬಂದಿದ್ದೂ ನಿಮಗೆ. ಅವಳಿಗೆ ಬೇಕಾದ ಹೊತ್ತಿನಲ್ಲಿ ಒಂದು ಡಿಗ್ರಿಯೂ ಸಿಕ್ಕಿಲ್ಲ.

ಇನ್ನೊಂದು. ಇದು ಗ್ಯಾಸ್ ಒಲೆಯ ಗುಬುಟು ಅಲ್ಲ, ಜಾಸ್ತಿ ತಿರುಗಿಸಿದರೆ ಉರಿ ಜೋರಾಗಲು. 20ಕ್ಕೆ ಇಟ್ಟರೂ 28ಕ್ಕೆ ಇಟ್ಟರೂ ಮನೆ ಕಾಯುವ ವೇಗ ಒಂದೇ. ಎಲ್ಲಿ ನಿಲ್ಲಬೇಕು ಅನ್ನುವುದಷ್ಟೇ ಅದು ಹೇಳುತ್ತದೆ. ನಾನು ಹೋಗುವ ಮನೆಗಳಲ್ಲಿ ಅರ್ಧಕ್ಕರ್ಧ ಜನ ಇದನ್ನು ತಪ್ಪು ತಿಳಿದಿರುತ್ತಾರೆ.

ಈಗ ಎರಡು ಪ್ರಶ್ನೆ. ಬೇಸಿಗೆಯಲ್ಲಿ ರೇಡಿಯೇಟರ್ ಬಿಸಿಯಾಗದೆ ಬರೀ ಸ್ನಾನದ ನೀರು ಕಾಯಿಸಲು ಆಗುತ್ತದಾ? ಹಾಗೇ, ನೀರು ಕಾಯಿಸದೆ ಬರೀ ರೇಡಿಯೇಟರ್ ನಡೆಸಲು ಆಗುತ್ತದಾ? ಮತ್ತೆ ರೇಡಿಯೇಟರ್ ಪಕ್ಕದಲ್ಲಿ 1ರಿಂದ 5ರವರೆಗೆ ಅಂಕಿ ಇರುವ ತಲೆ ಇದೆಯಾ, ಇಲ್ಲಾ ಸುಮ್ನೆ ತಿರುಗಿಸುವ ಪ್ಲಾಸ್ಟಿಕ್ ಟೋಪಿಯಾ?

---

ತೀರ್ಥಹಳ್ಳಿ_ಲೀಡ್ಸ್

ತಮ್ಮ, ಈ 28ರ ಲೆಕ್ಕ ಓದಿ ಸುಮಾರು ಹೊತ್ತು ಸುಮ್ಮನೆ ಕೂತುಬಿಟ್ಟೆ. ಮೂರು ವಾರ ನಾನು ಅವಳನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ.

ಎರಡೂ ಆಗುತ್ತದೆ. ಟೈಮರ್ ಕೆಳಗೆ ಎರಡು ಗುಂಡಿ ಇವೆ, ಒಂದು ನೀರಿಗೆ, ಒಂದು ಹೀಟಿಂಗ್‌ಗೆ. ಮೇಲಿನ ಕಪಾಟಿನಲ್ಲಿ ನೀರಿನ ಸಿಲಿಂಡರ್ ಪಕ್ಕ ಪೈಪಿನ ಮೇಲೆ ಒಂದು ತಗಡಿನ ಪೆಟ್ಟಿಗೆ ಇದೆ, ಆನ್ ಮಾಡಿದಾಗ ಕಿರ್ರ್ ಅನ್ನುತ್ತದೆ. ರೇಡಿಯೇಟರ್‌ಗಳಿಗೆ ಅಂಕಿ ಇಲ್ಲ, ಬರೀ ಬಿಳಿ ಟೋಪಿ. ಒಟ್ಟು ಏಳು.

---

ಹುಬ್ಬಳ್ಳಿ_ಹೀಟಿಂಗ್

ಒಳ್ಳೆಯದಾಯಿತು. ಆ ಪೆಟ್ಟಿಗೆಯೇ ನೀರಿಗೂ ರೇಡಿಯೇಟರ್‌ಗೂ ದಾರಿ ಬದಲಿಸುವ ವಾಲ್ವ್. ಅದು ಇದ್ದರೆ ಬಾಯ್ಲರ್ ಮುಟ್ಟದೆ ಕೆಲಸ ಮುಗಿಯುತ್ತದೆ.

ಟೈಮರ್ ಜಾಗದಲ್ಲಿ ನೀರಿಗೆ ಬೇರೆ, ಹೀಟಿಂಗ್‌ಗೆ ಬೇರೆ ಸಮಯ ಇಡುವ ಎರಡು ಚಾನೆಲ್ ಪ್ರೋಗ್ರಾಮರ್ ಹಾಕಿಸಿ. ಈಗಿನವು ಗೋಡೆಗೆ ಕೂರಿಸುವ ಒಂದು ಬ್ಯಾಕ್‌ಪ್ಲೇಟ್ ಮೇಲೆ ಬರುತ್ತವೆ. ಬಹಳಷ್ಟು ಕಂಪನಿಗಳದ್ದು ಅದೇ ಅಳತೆ, ಮುಂದೆ ಕೆಟ್ಟರೆ ಡಬ್ಬಿ ಕಳಚಿ ಹೊಸದು ಸಿಕ್ಕಿಸಬಹುದು. ನಿಮ್ಮದು ಅದಕ್ಕೂ ಹಳೆಯದು, ಹಾಗಾಗಿ ಪ್ಲೇಟೂ ಹೊಸದು ಬೇಕು. ಥರ್ಮೋಸ್ಟಾಟ್ ಮಾತ್ರ ವೈರ್‌ಲೆಸ್ ತಗೊಳ್ಳಿ. ಬ್ಯಾಟರಿ ಹಾಕಿ ಮೇಜಿನ ಮೇಲೆ ಇಡುವಂಥದ್ದು. ಬಾಗಿಲ ಪಕ್ಕದ ಹಳೇ ಗುಬುಟನ್ನು ತೆಗೆಸಿಯೇಬಿಡಿ, ಇಲ್ಲದಿದ್ದರೆ ಅದು ಬೇಡ ಅಂದಾಗ ಹೊಸದರ ಮಾತು ನಡೆಯುವುದಿಲ್ಲ.

ವೈರ್‌ಲೆಸ್ ಯಾಕೆ ಅಂದರೆ, ಥರ್ಮೋಸ್ಟಾಟ್ ಯಾವ ಕೋಣೆಯಲ್ಲಿ ಇದೆಯೋ ಆ ಕೋಣೆಯ ಚಳಿ ಮಾತ್ರ ಅದಕ್ಕೆ ಗೊತ್ತು. ಇಷ್ಟು ವರ್ಷ ನಿಮ್ಮ ಬಾಯ್ಲರ್ ಮುಂಬಾಗಿಲ ಗಾಳಿಯನ್ನು ಕೇಳಿಕೊಂಡು ನಡೆದಿದೆ. ಹಗಲು ಆ ಥರ್ಮೋಸ್ಟಾಟ್ ಡಬ್ಬಿ ಅವಳ ಕೋಣೆಯಲ್ಲಿ ಇರಲಿ. ಸಂಜೆ ನಿಮ್ಮ ಹಾಲ್‌ಗೆ ಬರಲಿ.

ಇದರ ಜೊತೆ ಐದು ರೇಡಿಯೇಟರ್‌ಗೆ ಟಿಆರ್‌ವಿ, ಅಂದರೆ ಕೋಣೆ ಬೆಚ್ಚಗಾದರೆ ತಾನೇ ಮುಚ್ಚಿಕೊಳ್ಳುವ ಆ ಅಂಕಿ ಇರುವ ತಲೆ ಹಾಕಿಸಿ. 3ಕ್ಕೆ ಇಟ್ಟರೆ ಹೆಚ್ಚುಕಡಿಮೆ 20 ಡಿಗ್ರಿ. ಹಗಲು ಉಳಿದ ಕೋಣೆಗಳನ್ನು 1ರಲ್ಲಿ ಇಡಿ. ಹೊತ್ತಿಗೆ ತಕ್ಕಂತೆ ಡಬ್ಬಿ ಕೂರುವ ಎರಡು ಕೋಣೆಗಳ ರೇಡಿಯೇಟರ್ ಮಾತ್ರ ಪೂರ್ತಿ ತೆರೆದಿರಲಿ, ಇಲ್ಲದಿದ್ದರೆ ಟಿಆರ್‌ವಿ ಮುಚ್ಚಿಕೊಂಡು ಡಬ್ಬಿಗೆ ಯಾವತ್ತೂ ಬೆಚ್ಚಗೆ ಅನಿಸದೆ ಬಾಯ್ಲರ್ ಸುಮ್ನೆ ಓಡುತ್ತಲೇ ಇರುತ್ತದೆ. ಟಿಆರ್‌ವಿ ಹಾಕಲು ಪೈಪಿನ ನೀರು ಪೂರ್ತಿ ಇಳಿಸಬೇಕು. ಮತ್ತೆ ತುಂಬುವಾಗ ತುಕ್ಕು ಹಿಡಿಯದ ಇನ್‌ಹಿಬಿಟರ್ ದ್ರವ ಹಾಕಿದರಾ ಅಂತ ಕೇಳಿ.

ಟೈಮರ್‌ನ ಮುಚ್ಚಳ ನೀವೇ ತೆಗೆಯಲು ಹೋಗಬೇಡಿ ಅಕ್ಕ. ಒಳಗೆ 230 ವೋಲ್ಟ್ ಇರುತ್ತದೆ. ಮತ್ತೆ, ಒಂದೇ ಕೋಣೆ ಬಾಡಿಗೆಗೆ ಕೊಟ್ಟರೂ 12 ತಿಂಗಳಿಗೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಲೇಬೇಕು, ಕಾನೂನು. ಬಂದವರ ಗ್ಯಾಸ್ ಸೇಫ್ ಕಾರ್ಡ್ (ಗ್ಯಾಸ್ ಕೆಲಸಕ್ಕೆ ನೋಂದಾಯಿಸಿಕೊಂಡವರ ಗುರುತಿನ ಚೀಟಿ) ಕೇಳಿ ಹಿಂಬದಿ ನೋಡಿ, ಯಾವ ಯಾವ ಕೆಲಸಕ್ಕೆ ಅರ್ಹತೆ ಇದೆ ಅಂತ ಅಲ್ಲಿ ಬರೆದಿರುತ್ತದೆ. ವಾಸನೆಯೇ ಇಲ್ಲದ ವಿಷದ ಗಾಳಿ ಕಾರ್ಬನ್ ಮಾನಾಕ್ಸೈಡ್ ಬಂದರೆ ಕೂಗುವ ಅಲಾರಂ ಇಲ್ಲದಿದ್ದರೆ ನಾಳೆಯೇ ತನ್ನಿ. ಹಗಲು ಮಲಗುವವರು ಇರುವ ಮನೆ.

---

ಕುಂದಾಪ್ರ_ನರ್ಸ್

ಅಕ್ಕ, ನಾನು ಆ ಹುಡುಗಿಯ ಜಾಗದಲ್ಲಿ ಇದ್ದವಳು. ಆರು ವರ್ಷ ಬೇರೆಯವರ ಮನೆಯಲ್ಲಿ ಕೋಣೆ ಹಿಡಿದಿದ್ದೆ, ಎಲ್ಲ ರಾತ್ರಿ ಪಾಳಿ.

ಅವಳು ಯಾಕೆ ಹೇಳಲಿಲ್ಲ ಅಂತ ನಿಮಗೆ ಅನಿಸಬಹುದು. ಬಿಲ್ ಬಾಡಿಗೆಯಲ್ಲೇ ಸೇರಿದ್ದರೆ ಚಳಿ ಅನ್ನುವುದೇ ದುಡ್ಡು ಕೇಳಿದ ಹಾಗೆ ಆಗುತ್ತದೆ. ನಮ್ಮವರೇ ಮನೆ ಕೊಟ್ಟಿದ್ದರಂತೂ ಬಾಯಿ ಬರುವುದಿಲ್ಲ. ಜಾಸ್ತಿ ಕೇಳಿದಳು ಅಂತ ಊರಿನ ತನಕ ಮಾತು ಹೋದರೆ ಅಂತ ಹೆದರಿಕೆ. ಹನ್ನೆರಡು ಗಂಟೆ ವಾರ್ಡ್‌ನಲ್ಲಿ ನಿಂತು ಬಂದ ಮೇಲೆ ಮೈ ಒಳಗಿನಿಂದಲೇ ನಡುಗುತ್ತದೆ, ನಿದ್ದೆ ಗೆಟ್ಟವರಿಗೆ ಚಳಿ ಜಾಸ್ತಿ. ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅವಳ ಕೋಣೆಯಲ್ಲಿ ಒಂದು ಸಣ್ಣ ಥರ್ಮಾಮೀಟರ್ ಇಟ್ಟು ನೋಡಿ.

ನೀವಾಗಿಯೇ ಮಾತು ತೆಗೆಯಿರಿ. ಅವಳು ಮಲಗಿ ಎದ್ದ ಮೇಲೆ, ಪಾಳಿಯಿಂದ ಬಂದ ಕೂಡಲೇ ಬೇಡ. "ಹಗಲು ಹೀಟಿಂಗ್ ಬಂದ್ ಇರುತ್ತದೆ ಅಂತ ನಿನಗೆ ಹೇಳುವುದೇ ಮರೆತೆ" ಅಂತ ಶುರು ಮಾಡಿ. ತಪ್ಪು ಅವಳ ಮೇಲೆ ಬರುವುದಿಲ್ಲ.

ಮತ್ತೆ ಒಂದು ಮಾತು. ಫೋನಿನ ಆ್ಯಪ್‌ನಲ್ಲಿ ನಡೆಯುವ ಥರ್ಮೋಸ್ಟಾಟ್ ತಂದರೆ ಆ್ಯಪ್ ಇಬ್ಬರ ಫೋನಲ್ಲೂ ಇರಬೇಕು. ನಾನಿದ್ದ ಕೊನೆಯ ಮನೆಯಲ್ಲಿ ಅದು ಮನೆಯವರ ಫೋನಲ್ಲಿ ಮಾತ್ರ ಇತ್ತು. ನಾನು ಏರಿಸಿದರೆ ಐದು ನಿಮಿಷದಲ್ಲಿ ಎಲ್ಲಿಂದಲೋ ಇಳಿಯುತ್ತಿತ್ತು. ನಿಮ್ಮ ಲಂಡನ್‌ನ ಬೀಗದ ಡಬ್ಬಿಗೂ ಅದಕ್ಕೂ ಏನು ವ್ಯತ್ಯಾಸ ಹೇಳಿ? ಯಾರಿಗೆ ಚಳಿಯಾಗುತ್ತದೋ ಅವರ ಕೈಗೆ ಸಿಗುವ ಹಾಗೆ ಇಡಿ.

---

ಹಾಸನ_ಎಡಿನ್‌ಬರಾ

ದುಡ್ಡಿನ ಲೆಕ್ಕ ನಾನು ಹೇಳುತ್ತೇನೆ. ನನ್ನ ಬಿಲ್‌ನಲ್ಲಿ ಕರೆಂಟ್ ಯೂನಿಟ್‌ಗೆ ಗ್ಯಾಸಿನ ಸುಮಾರು ನಾಲ್ಕು ಪಟ್ಟು ದರ. ಅದಕ್ಕೇ ಎಲ್ಲರೂ ಎಣ್ಣೆ ತುಂಬಿದ ಎಲೆಕ್ಟ್ರಿಕ್ ಹೀಟರ್ ಬೇಡ ಅನ್ನುತ್ತಾರೆ. ಆದರೆ ಟಿಆರ್‌ವಿ ಇಲ್ಲದ ಮನೆಯಲ್ಲಿ ಒಂದು ಕೋಣೆಗೋಸ್ಕರ ಏಳೂ ರೇಡಿಯೇಟರ್ ಕಾಯಿಸುವುದಕ್ಕಿಂತ ಆ ಕೋಣೆಗೆ ಒಂದು ಎಲೆಕ್ಟ್ರಿಕ್ ಹೀಟರ್ ಇಡುವುದೇ ಅಗ್ಗ ಬೀಳಬಹುದು. ಹಾಗಾಗಿ ಕೆಲಸ ಆಗುವ ತನಕ ಥರ್ಮೋಸ್ಟಾಟ್ ಇರುವ ಒಂದು ಸಣ್ಣ ಹೀಟರ್ ಕೊಡಿ, ಎಕ್ಸ್‌ಟೆನ್ಷನ್ ಹಾಕದೆ ನೇರ ಗೋಡೆಯ ಸಾಕೆಟ್‌ಗೇ ಸಿಕ್ಕಿಸಬೇಕು. ಹಾಸಿಗೆಗೆ ಎಲೆಕ್ಟ್ರಿಕ್ ಬ್ಲಾಂಕೆಟ್ ಕೂಡ ಒಳ್ಳೆಯದು, ಹಳೆಯ ಬಲ್ಬ್ ಒಂದರಷ್ಟು ಕರೆಂಟ್ ಸಾಕು ಅದಕ್ಕೆ.

ಬಾಡಿಗೆ ಜೊತೆ ಬಿಲ್‌ಗೆ ಅಂತ ಬೇರೆ ದುಡ್ಡು ಇಸಿದುಕೊಳ್ಳಬೇಕಾ ಅಂತ ಯೋಚಿಸುತ್ತಿದ್ದರೆ, ತಾವಿರುವ ಮನೆಯ ಕೋಣೆ ಬಾಡಿಗೆಗೆ ಕೊಡುವವರಿಗೆ ಇರುವ ರೆಂಟ್ ಎ ರೂಮ್ ಯೋಜನೆಯಲ್ಲಿ ವರ್ಷಕ್ಕೆ 7,500 ಪೌಂಡ್‌ವರೆಗೆ ತೆರಿಗೆ ಇಲ್ಲ. ಬಿಲ್‌ಗೆ ಇಸಿದುಕೊಂಡದ್ದೂ ಅದೇ ಲೆಕ್ಕಕ್ಕೆ ಸೇರುತ್ತದೆ. ನನ್ನ ಕೇಳಿದರೆ ಈ ಚಳಿಗಾಲ ಏನೂ ಕೇಳಬೇಡಿ. ಹಗಲು ಹೀಟಿಂಗ್ ಇಲ್ಲದ ಕೋಣೆಗೆ ಅವಳು ಪೂರ್ತಿ ಬಾಡಿಗೆ ಕೊಟ್ಟಿದ್ದಾಳೆ.

---

ತೀರ್ಥಹಳ್ಳಿ_ಲೀಡ್ಸ್

ಎರಡೂವರೆ ವಾರದ ಮೇಲೆ ಬರೆಯುತ್ತಿದ್ದೇನೆ. ಎಲ್ಲರಿಗೂ ಕೈ ಮುಗಿಯುತ್ತೇನೆ.

ಭಾನುವಾರ ನೀರುದೋಸೆ ಮಾಡಿ ಅವಳನ್ನು ಕೂರಿಸಿಕೊಂಡೆ. ನರ್ಸಮ್ಮ ಹೇಳಿದ ಹಾಗೇ ಶುರು ಮಾಡಿದೆ. ಅವಳು ತಟ್ಟೆ ನೋಡುತ್ತಾ, "ಆಂಟಿ, ತಿರುಗಿಸಿದರೂ ಬಿಸಿ ಬರುತ್ತಿರಲಿಲ್ಲ, ಅದು ಕೆಟ್ಟಿದೆ ಅಂದುಕೊಂಡೆ. ಕೆಡಿಸಿದ್ದು ನಾನೇ ಅಂತ ಹೆದರಿಕೆ ಆಗಿತ್ತು" ಅಂದಳು. ಥರ್ಮಾಮೀಟರ್ ಇಟ್ಟಾಗ ಅವಳ ಕೋಣೆಯಲ್ಲಿ ಮಧ್ಯಾಹ್ನ ಎರಡಕ್ಕೆ 13 ಇತ್ತು. ಅವತ್ತೇ ಹೀಟರ್ ತಂದೆ.

ಕಳೆದ ಮಂಗಳವಾರ ಕೆಲಸದವರು ಬಂದರು. ಪ್ರೋಗ್ರಾಮರ್, ವೈರ್‌ಲೆಸ್ ಥರ್ಮೋಸ್ಟಾಟ್, ಐದು ಟಿಆರ್‌ವಿ ಎಲ್ಲ ಒಂದೇ ದಿನಕ್ಕೆ ಆಯಿತು. ಪೈಪಿನಿಂದ ಬಂದ ನೀರು ಕಾಫಿ ಡಿಕಾಕ್ಷನ್ ಬಣ್ಣ ಇತ್ತು. ಆ್ಯಪ್ ಇರುವುದು ತಗೊಳ್ಳಲಿಲ್ಲ. ಗ್ಯಾಸ್ ತಪಾಸಣೆ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿದ್ದೇನೆ.

ಹಳೇ ಟೈಮರ್ ಕಳಚಿದಾಗ ಅದರ ಗುಂಯ್ ನಿಂತುಹೋಯಿತು. ಬಂದವರು ಬಿಸಾಡಲಾ ಅಂದರು. ಬೇಡ ಅಂದು ಒಂದು ಕೆಂಪು ಮುಳ್ಳು ಮಾತ್ರ ಇಟ್ಟುಕೊಂಡೆ, ಉಗುರುಬಣ್ಣ ಇನ್ನೂ ಹೋಗಿಲ್ಲ.

ಈಗ ಬೆಳಗ್ಗೆ ಅವಳು ಬಂದು ಡಬ್ಬಿಯನ್ನು ಕೋಣೆಗೆ ಒಯ್ಯುತ್ತಾಳೆ, 19ಕ್ಕೆ ಇಡುತ್ತಾಳೆ. ಪಾಳಿಗೆ ಹೊರಡುವಾಗ ಹಾಲ್‌ನಲ್ಲಿ ದೇವರ ಕಪಾಟಿನ ಪಕ್ಕ ಇಟ್ಟು ಹೋಗುತ್ತಾಳೆ. ದೀಪದ ಹತ್ತಿರ ಬೇಡ, ಅದಕ್ಕೆ ಮನೆಯೇ ಬೆಚ್ಚಗಿದೆ ಅನಿಸುತ್ತದೆ ಅಂತ ನಿನ್ನೆ ಅವಳೇ ಎರಡಡಿ ಆಚೆಗೆ ಸರಿಸಿದಳು. ಮೂಲೆಯ ಬೂಷ್ಟನ್ನು ಇಬ್ಬರೂ ಸೇರಿ ಒರೆಸಿ ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿದ್ದೇವೆ. ಮತ್ತೆ ಬಂದರೆ ಇಲ್ಲೇ ಕೇಳುತ್ತೇನೆ.